ಬಲೆ ಎಳೆಯುವ ಹಿಂದಿನ ಒಂದು ತಿಂಗಳು

ಪ್ರಶ್ನೆ: ಚನ್ನಗಿರಿ ತಾಲ್ಲೂಕಿನಲ್ಲಿ ಅಡಿಕೆ ತೋಟದ ಪಕ್ಕ 20 ಗುಂಟೆಯಲ್ಲಿ ಕೊಳ ಮಾಡಿಸಿ ಕಾಟ್ಲಾ, ರೋಹು, ಗೆಂಡೆ ಸೇರಿ ಸಾವಿರ ಮರಿ ಬಿಟ್ಟಿದ್ದೇನೆ. ತೌಡು, ಶೇಂಗಾ ಹಿಂಡಿ ಹಾಕುತ್ತೇನೆ. ಹದಿನೈದು ದಿನಕ್ಕೊಮ್ಮೆ ಕೋಳಿ ಗೊಬ್ಬರ. ಮೊದಲ ಸಲ ಎರಡು ಕ್ವಿಂಟಲ್ ಒಯ್ದ ದಾವಣಗೆರೆಯ ವ್ಯಾಪಾರಿ ಈಗ "ಮಣ್ಣು ನಾರ್ತಾವೆ ಅಂತ ಗಿರಾಕಿ ಬೈತಾರೆ" ಎಂದು ಅರ್ಧ ರೇಟು ಕೇಳುತ್ತಿದ್ದಾರೆ. ಮೀನಿನ ಮೈಮೇಲೆ ಹೇನು ಬೇರೆ. ಗೊಬ್ಬರದ ಅಂಗಡಿಯವರು ಹತ್ತಿಗೆ ಹೊಡೆಯುವ ಔಷಧಿ ಸ್ವಲ್ಪ ಸುರಿಯಿರಿ ಅಂದರು. ಸಾಕಿದ ಮೀನೆಲ್ಲ ಔಷಧಿಯದ್ದು ಎಂದು ನಮ್ಮ ಅಕ್ಕ ಮಕ್ಕಳಿಗೆ ಕೊಡುವುದನ್ನೇ ಬಿಟ್ಟಿದ್ದಾಳೆ. ವಾಸನೆ ಯಾಕೆ ಬರುತ್ತದೆ? ಮೀನು ತಿನ್ನಬಹುದೇ? ಲ್ಯಾಬಿಗೆ ಕಳಿಸಬೇಕೇ?

ಉತ್ತರ: ಮಣ್ಣು ನಾರುತ್ತದೆ ಅಂದಮಾತ್ರಕ್ಕೆ ಮೀನು ಕೆಟ್ಟಿದೆ ಎಂದಾಗಲಿಲ್ಲ. ಹಾಗೆಯೇ, ಮಣ್ಣು ನಾರದ ಮೀನೆಲ್ಲ ಒಳ್ಳೆಯದು ಅಂತಲೂ ಅಲ್ಲ. ನಿಮ್ಮ ಪತ್ರದಲ್ಲಿ ಎರಡು ವಿಷಯ ಗಂಟು ಬಿದ್ದಿವೆ. ಒಂದು ರುಚಿಯದು, ಇನ್ನೊಂದು ಆರೋಗ್ಯದ್ದು. ಮೂಗಿಗೆ ಸಿಗುವುದು ಮೊದಲನೆಯದು. ಹೆದರಬೇಕಾದ್ದು ಎರಡನೆಯದಕ್ಕೆ, ಅದಕ್ಕೆ ವಾಸನೆಯೇ ಇಲ್ಲ. ಎರಡೂ ತೀರ್ಮಾನವಾಗುವ ಜಾಗ ಮಾತ್ರ ಒಂದೇ: ನಿಮ್ಮ ಕೊಳ, ಅದೂ ಬಲೆ ಎಳೆಯುವ ಹಿಂದಿನ ಒಂದು ತಿಂಗಳು. ಆ ತಿಂಗಳಲ್ಲಿ ನೀರಿಗೆ ಏನು ಬಿತ್ತು ಎಂಬುದು ಮಾರುಕಟ್ಟೆಯಲ್ಲಿ ಕಿವಿರು ಎತ್ತಿ ನೋಡಿದರೆ ಗೊತ್ತಾಗುವುದಿಲ್ಲ.

ಮೊದಲು ವಾಸನೆ. ಎಳ್ಳಷ್ಟು ಮಳೆ ಬಿದ್ದೊಡನೆ ಒಣನೆಲದಿಂದ ಏಳುವ ಘಮ ಇದೆಯಲ್ಲ, ಅದೇ ವಸ್ತು ನಿಮ್ಮ ಮೀನಿನ ಮಾಂಸದಲ್ಲಿ ಕೂತಿದೆ. ಹೆಸರು ಜಿಯೋಸ್ಮಿನ್. ಬೀಟ್ರೂಟಿನ ಮಣ್ಣುವಾಸನೆಯೂ ಅದೇ. ಹೊಲದಲ್ಲಿ ಹಿತವಾದದ್ದು ತಟ್ಟೆಯಲ್ಲಿ ಹೇಸಿಗೆಯಾಗುತ್ತದೆ, ಅಷ್ಟೇ ವ್ಯತ್ಯಾಸ. ನೀರಿನಲ್ಲಿ ಇದನ್ನು ಮಾಡುವುದು ಮುಖ್ಯವಾಗಿ ನೀಲಿ-ಹಸಿರು ಪಾಚಿ, ಜೊತೆಗೆ ತಳದ ಕೆಸರಿನ ಕೆಲವು ಬ್ಯಾಕ್ಟೀರಿಯಾ. ಮೀನು ಅದನ್ನು ತಿನ್ನಲೇಬೇಕೆಂದಿಲ್ಲ. ಉಸಿರಾಡುವಾಗ ಕಿವಿರಿನಿಂದಲೇ ರಕ್ತಕ್ಕೆ ಹೋಗಿ ಕೊಬ್ಬಿನಲ್ಲಿ ನಿಲ್ಲುತ್ತದೆ. ಹಾಗಾಗಿ ಕೊಬ್ಬಿದ ಮೀನು ಹೆಚ್ಚು ನಾರುತ್ತದೆ, ಅದರಲ್ಲೂ ಹೊಟ್ಟೆಯ ಭಾಗ. ಪ್ರಮಾಣ ಬಹಳ ಕಡಿಮೆ. ಒಂದು ಗ್ರಾಂ ಜಿಯೋಸ್ಮಿನ್ನನ್ನು ಹತ್ತು ಕೋಟಿ ಪಾಲು ಮಾಡಿ ಒಂದು ಪಾಲನ್ನು ಒಂದು ಲೀಟರ್ ನೀರಿಗೆ ಹಾಕಿದರೆ ಸಾಕು, ಸೂಕ್ಷ್ಮ ಮೂಗಿನವರಿಗೆ ಗೊತ್ತಾಗಿಬಿಡುತ್ತದೆ. ಈ ಪ್ರಮಾಣದಲ್ಲಿ ಅದರಿಂದ ದೇಹಕ್ಕೆ ತೊಂದರೆ ಇಲ್ಲ.

ನಿಮ್ಮ ಮನೆಯಲ್ಲಿ ಇದು ಗಮನಕ್ಕೆ ಬರದೆ ಇರುವುದಕ್ಕೂ ಕಾರಣ ಇರಬಹುದು. ಹುಳಿ ಬಿದ್ದರೆ ಜಿಯೋಸ್ಮಿನ್ ಒಡೆದು ವಾಸನೆಯಿಲ್ಲದ ಬೇರೆ ವಸ್ತುವಾಗುತ್ತದೆ. ಹುಣಸೆಹಣ್ಣು ಕಿವುಚಿ ಹಾಕಿದ ಮೀನಿನ ಸಾರಿನಲ್ಲಿ ಮಣ್ಣುವಾಸನೆ ಅರ್ಧ ಅಲ್ಲೇ ಸತ್ತಿರುತ್ತದೆ. ನಿಮ್ಮ ವ್ಯಾಪಾರಿಯ ಗಿರಾಕಿಗಳು ಬಹುಶಃ ತವಾ ಫ್ರೈ ಮಾಡುವ ಹೋಟೆಲಿನವರು, ಅಲ್ಲಿ ಹುಳಿ ಕಡಿಮೆ. ನಮ್ಮ ಅಜ್ಜಿಯರು ಕೆರೆ ಮೀನನ್ನು ಉಪ್ಪು, ಹುಣಸೆ ಹಚ್ಚಿ ತಿಕ್ಕಿ ತೊಳೆಯುತ್ತಿದ್ದದ್ದು ಬರೀ ಲೋಳೆ ಹೋಗಲಿ ಅಂತಲ್ಲ.

ಪಾಚಿ ಯಾಕೆ ಹೆಚ್ಚಾಯಿತು ಎಂಬುದು ನಿಮ್ಮ ಪತ್ರದಲ್ಲೇ ಇದೆ. ಸಾವಿರ ಮರಿಯ ಲೆಕ್ಕ ಸರಿ, 20 ಗುಂಟೆಗೆ ಅಷ್ಟು ಹೆಚ್ಚಲ್ಲ. ತೌಡು, ಹಿಂಡಿ ಹಾಕುತ್ತಲೇ ಅದರ ಮೇಲೆ ಹದಿನೈದು ದಿನಕ್ಕೊಮ್ಮೆ ಕೋಳಿ ಗೊಬ್ಬರ ಸುರಿದರೆ ನೀರು ಅದನ್ನೆಲ್ಲ ಎಲ್ಲಿಡಬೇಕು? ಬೆಳಿಗ್ಗೆ ಹತ್ತರ ಬಿಸಿಲಿನಲ್ಲಿ ದಂಡೆಯಲ್ಲಿ ಕೂತು ಅಂಗೈ ಮೇಲೆ ಮಾಡಿ ತೋಳನ್ನು ನೀರಿಗೆ ಇಳಿಸಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮಸುಕಾದರೆ ನೀರು ಹದವಾಗಿದೆ. ಒಂದು ಗೇಣು ಇಳಿಯುವಷ್ಟರಲ್ಲೇ ಮಾಯವಾದರೆ ಗೊಬ್ಬರ ಅಂದೇ ನಿಲ್ಲಿಸಿ. ದಂಡೆಯ ಗಾಳಿ ಬೀಸುವ ಮೂಲೆಯಲ್ಲಿ ಹಸಿರು ಬಣ್ಣದ ಡಬ್ಬಿ ಚೆಲ್ಲಿದ ಹಾಗೆ ಕೆನೆಗಟ್ಟಿದ್ದರೆ ಮೇವನ್ನೂ ಅರ್ಧಕ್ಕೆ ಇಳಿಸಿ.

ಪಾಚಿ ಕೊಲ್ಲಲು ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುವ ಯೋಚನೆ ಮಾತ್ರ ಮಾಡಬೇಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯೂರಿನ ಕಡೆ ಒಬ್ಬರಿಗೆ ನಾನೇ ಹೇಳಿ ಹಾಕಿಸಿದ್ದೆ. ಪಾಚಿ ಒಂದೇ ದಿನಕ್ಕೆ ಸತ್ತಿತು. ಸತ್ತ ಪಾಚಿ ಒಡೆದು ಒಳಗಿದ್ದ ವಾಸನೆಯನ್ನೆಲ್ಲ ನೀರಿಗೆ ಬಿಟ್ಟಿತು, ಕೊಳೆಯುತ್ತ ಆಮ್ಲಜನಕವನ್ನೂ ಕುಡಿಯಿತು. ಮೂರನೇ ದಿನ ಬೆಳಗಿನ ಜಾವ ಮೀನೆಲ್ಲ ಬಾಯಿ ಮೇಲೆ ಮಾಡಿ ತೇಲುತ್ತಿದ್ದವು. ಆ ಮನುಷ್ಯ ನನ್ನನ್ನು ಒಂದು ಮಾತೂ ಬೈಯಲಿಲ್ಲ, ಅದೇ ಹೆಚ್ಚು ನೋವಾದದ್ದು.

ಸೇರಿಕೊಂಡ ವಾಸನೆ ಹೋಗುತ್ತದೆ. ಮೀನನ್ನು ಪಾಚಿಯಿಲ್ಲದ ನೀರಿನಲ್ಲಿ ಮೇವಿಲ್ಲದೆ ಇಟ್ಟರೆ ಬಂದ ದಾರಿಯಲ್ಲೇ, ಕಿವಿರಿನಿಂದಲೇ, ಹೊರಗೆ ಹೋಗುತ್ತದೆ. ತೋಟದಲ್ಲಿ ಸಿಮೆಂಟ್ ತೊಟ್ಟಿ ಇದ್ದರೆ ಬೋರ್‌ವೆಲ್ ನೀರು ತುಂಬಿಸಿ. ಬೋರಿನ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ ಇರುತ್ತದೆ. ತೂತು ಮಾಡಿದ ಪೈಪಿನಿಂದ ಎತ್ತರದಿಂದ ಬೀಳುವ ಹಾಗೆ ಬಿಡಿ, ಗಾಳಿಯಾಡಿಸುವ ಮೋಟರ್ ಇದ್ದರೆ ಇನ್ನೂ ಒಳ್ಳೆಯದು. ಸಾವಿರ ಲೀಟರಿಗೆ 20 ಕೆಜಿಗಿಂತ ಹೆಚ್ಚು ಮೀನು ತುಂಬಬೇಡಿ, ದಿನವೂ ನೀರು ಬದಲಿಸಿ. ಬೇಸಿಗೆಯಾದರೆ ಮೂರರಿಂದ ಏಳು ದಿನ, ಚಳಿಗಾಲದಲ್ಲಿ ಇನ್ನೂ ತಡ. ಮೀನು ತೂಕದಲ್ಲಿ ಸ್ವಲ್ಪ ಇಳಿಯುತ್ತದೆ. ಅರ್ಧ ರೇಟಿಗೆ ಮಾರುವುದಕ್ಕೆ ಹೋಲಿಸಿದರೆ ಅದು ನಷ್ಟವೇ ಅಲ್ಲ.

ಹೋಯಿತೋ ಇಲ್ಲವೋ ತಿಳಿಯುವುದಕ್ಕೆ ಲ್ಯಾಬು ಬೇಡ, ಬಾಲದ ತುಂಡು ಸಾಕು. ಒಂದು ಮೀನು ಹಿಡಿದು ಬಾಲದ ಕಡೆಯ ನಾಲ್ಕು ಬೆರಳಗಲ ಕತ್ತರಿಸಿ. ಉಪ್ಪು, ಖಾರ, ಅರಿಶಿನ, ನಿಂಬೆ ಯಾವುದೂ ಬೇಡ. ಸಣ್ಣ ಡಬ್ಬಿಯಲ್ಲಿಟ್ಟು ಮುಚ್ಚಿ ಇಡ್ಲಿಯ ಹಾಗೆ ಹಬೆಯಲ್ಲಿ ಬೇಯಿಸಿ. ಮುಚ್ಚಳ ತೆಗೆದ ಕೂಡಲೇ ಮೂಗು ಒಯ್ಯಿರಿ, ಮೊದಲ ಉಸಿರಿನಲ್ಲೇ ಗೊತ್ತಾಗಬೇಕು. ಆಮೇಲೆ ಒಂದು ಚೂರು ನಾಲಿಗೆ ಮೇಲಿಡಿ. ಅಮೆರಿಕದ ಕ್ಯಾಟ್‌ಫಿಶ್ ಕಾರ್ಖಾನೆಗಳಲ್ಲಿ ಇದೇ ಕೆಲಸಕ್ಕೆ ಸಂಬಳದ ಜನ ಇದ್ದಾರೆ. ಹಿಡಿಯುವ ಎರಡು ವಾರ ಮೊದಲು, ಮೂರು ದಿನ ಮೊದಲು, ಆ ದಿನ ಬೆಳಿಗ್ಗೆ, ಹೀಗೆ ಮೂರು ಸಲ ರುಚಿ ನೋಡಿ ಪಾಸು ಮಾಡುತ್ತಾರೆ. ನಿಮ್ಮ ಮನೆಯಲ್ಲಿ ಬೀಡಿ ಸೇದದ, ಎಲೆ-ಅಡಿಕೆ ಹಾಕದ ಯಾರಾದರೂ ಮಾಡಲಿ. ಚನ್ನಗಿರಿಯಲ್ಲಿ ಅಂಥವರನ್ನು ಹುಡುಕುವುದು ಕಷ್ಟ ಅಂತ ಗೊತ್ತು.

ಇನ್ನು ವಾಸನೆ ಇಲ್ಲದ ಅಪಾಯಗಳು.

ಕೋಳಿ ಗೊಬ್ಬರ ಹಾಕಿದ ಮೀನು ಅಂದರೆ ಹೇಸುವವರು ಇದ್ದಾರೆ. ಆ ಹೇಸಿಗೆ ಅರ್ಧ ನಿಜ. ಗೊಬ್ಬರದಿಂದ ಸೂಕ್ಷ್ಮಜೀವಿ ಹುಟ್ಟಿ, ಅದನ್ನು ಕಾಟ್ಲಾ ತಿನ್ನುವುದು ಹಳೆಯ ಪದ್ಧತಿ, ತಪ್ಪೇನಿಲ್ಲ. ತೊಂದರೆ ಹಸಿ ಗೊಬ್ಬರದ್ದು. ಅದರಲ್ಲಿ ಮನುಷ್ಯರ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಮೀನಿಗೆ ಅದರಿಂದ ಏನೂ ಆಗುವುದಿಲ್ಲ, ಕರುಳಿನಲ್ಲಿ, ಮೈಮೇಲಿನ ಲೋಳೆಯಲ್ಲಿ ಹೊತ್ತು ತರುತ್ತದೆ. ಎರಡನೆಯದು, ಕೋಳಿಗೆ ಕೊಟ್ಟ ಆ್ಯಂಟಿಬಯೋಟಿಕ್ಕಿನ ಒಂದು ಪಾಲು ಹಿಕ್ಕೆಯಲ್ಲೇ ಹೊರಬರುತ್ತದೆ. ಕೊಲಿಸ್ಟಿನ್ ಎಂಬ ಔಷಧಿಯನ್ನು ಸಾಕುಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿದ ಔಷಧಿ ಹೀಗೆ ಸವೆಯಬಾರದು ಎಂದೇ. ಅಂದರೆ ನೀವು ಒಂದು ತೊಟ್ಟೂ ಔಷಧಿ ಹಾಕದೆ ಇದ್ದರೂ ಫಾರಂನಿಂದ ಬಂದ ಚೀಲದಲ್ಲಿ ಅದು ಬಂದಿರಬಹುದು. ಚೆನ್ನಾಗಿ ಕಳಿತ ಗೊಬ್ಬರ ಮಾತ್ರ ಹಾಕಿ, ಹಿಡಿಯುವ ಒಂದು ತಿಂಗಳ ಮೊದಲು ಅದನ್ನೂ ನಿಲ್ಲಿಸಿ. ಕೋಳಿ ಅಂಗಡಿಯ ತ್ಯಾಜ್ಯ ತಂದು ಸುರಿಯುವುದಂತೂ ಬೇಡವೇ ಬೇಡ. ಅದು ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವವರು ಕದ್ದು ಮಾಡುವ ಕೆಲಸ. ಆ ಮೀನು ಸಾಕುವುದನ್ನೇ ದೇಶದಲ್ಲಿ ನಿಷೇಧಿಸಿ ಎರಡು ದಶಕ ದಾಟಿತು.

ಮೇವಿನ ಬಗ್ಗೆ ಯಾರೂ ಕೇಳುವುದಿಲ್ಲ, ನೀವೂ ಕೇಳಿಲ್ಲ. ನನ್ನ ಮಟ್ಟಿಗೆ ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಮೊದಲು ನೋಡಬೇಕಾದ್ದು ಅದನ್ನೇ. ನಮ್ಮಲ್ಲಿ ಮೇವು ಅಗ್ಗ. ದಾವಣಗೆರೆ ರೈಸ್‌ಮಿಲ್ಲುಗಳ ತೌಡು, ಚಳ್ಳಕೆರೆ ಎಣ್ಣೆಮಿಲ್ಲುಗಳ ಶೇಂಗಾ ಹಿಂಡಿ, ಎಲ್ಲ ಕಡೆ ಮೆಕ್ಕೆಜೋಳ. ಅಗ್ಗ ಅಂತ ಒಟ್ಟಿಗೆ ಹತ್ತು ಚೀಲ ತಂದು ಪಂಪ್‌ಸೆಟ್ ಮನೆಯ ನೆಲದ ಮೇಲೆ ಗೋಡೆಗೆ ಒರಗಿಸಿ ಇಡುತ್ತೇವೆ. ಮಳೆಗಾಲದಲ್ಲಿ ಕೆಳಗಿನ ಚೀಲ ಬೂಸ್ಟು ಹಿಡಿಯುತ್ತದೆ. ಮನುಷ್ಯರು ತಿನ್ನಲು ಆಗದ್ದು, ದನ ಮುಟ್ಟದ್ದು ಕೊನೆಗೆ ಮೀನಿಗೆ. ಶೇಂಗಾ, ಮೆಕ್ಕೆಜೋಳ ಎರಡೂ ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುವ ಬೂಸ್ಟಿಗೆ ಇಷ್ಟದ ಜಾಗ. ಅದು ಮೀನಿನ ಈಲಿ ಕೆಡಿಸುತ್ತದೆ, ಬೆಳವಣಿಗೆ ನಿಲ್ಲಿಸುತ್ತದೆ, ಅಂಶ ಮಾಂಸಕ್ಕೂ ಬರಬಹುದು. ಒಲೆಯ ಬಿಸಿಗೆ ಅದು ಪೂರ್ತಿ ನಾಶವಾಗುವುದಿಲ್ಲ, ಬಿಸಿಲಿಗೆ ಹರವಿದರೆ ಮೇಲಿನ ಹಸಿರು ಉದುರಬಹುದು, ವಿಷ ಒಳಗೇ ಉಳಿಯುತ್ತದೆ. ತಿಂಗಳಿಗೆ ಬೇಕಾದಷ್ಟೇ ತನ್ನಿ. ಗೋಡೆಯಿಂದ ಒಂದು ಮೊಳ ದೂರ, ಮರದ ಹಲಗೆ ಮೇಲೆ ಇಡಿ. ಹಿಂಡಿ ಮುರಿದಾಗ ಒಳಗೆ ಹಸಿರು-ಕಪ್ಪು ಗೆರೆ ಕಂಡರೆ, ತೌಡು ಹಳೆ ಎಣ್ಣೆಯ ಹಾಗೆ ಕಮಟು ಹೊಡೆದರೆ ತಿಪ್ಪೆಗೆ ಹಾಕಿ.

ಹೇನಿಗೆ ಹತ್ತಿ ಔಷಧಿ ಬೇಡ. ಆ ಬಾಟಲಿಗಳಲ್ಲಿ ಹಲವು ಸೈಪರ್‌ಮೆಥ್ರಿನ್ ಜಾತಿಯವು, ಮೀನಿಗೆ ತೊಟ್ಟು ಪ್ರಮಾಣದಲ್ಲೇ ವಿಷ. ಕೆಲವರು ಹಾಕುತ್ತಾರೆ, ಹೇನೂ ಸಾಯುತ್ತದೆ, ಅದೃಷ್ಟ ಇದ್ದರೆ ಮೀನು ಉಳಿಯುತ್ತದೆ. ಉಳಿದ ಆ ಮೀನು ಎಷ್ಟು ದಿನದ ಮೇಲೆ ತಿನ್ನಲು ಯೋಗ್ಯ ಎಂದು ಹತ್ತಿಯ ಬಾಟಲಿಯ ಲೇಬಲ್ಲಿನಲ್ಲಿ ಬರೆದಿರುವುದಿಲ್ಲ. ಮೀನಿನ ಹೇನಿಗೆ ಒಂದು ದೌರ್ಬಲ್ಯ ಇದೆ: ಅದು ಮೊಟ್ಟೆ ಇಡುವುದು ಮೀನಿನ ಮೇಲಲ್ಲ, ನೀರಿನಲ್ಲಿರುವ ಗಟ್ಟಿ ವಸ್ತುವಿನ ಮೇಲೆ. ಹಳೆ ಬಿದಿರಿನ ದಬ್ಬೆಗಳನ್ನು ಎಂಟ್ಹತ್ತು ಕಡೆ ನೀರಿನಲ್ಲಿ ನೆಡಿ. ವಾರಕ್ಕೊಮ್ಮೆ ಎತ್ತಿ ನೋಡಿದರೆ ಸಾಲಾಗಿ ಅಂಟಿಸಿದ ಸಣ್ಣ ಅಂಟಿನ ಹನಿಗಳ ಹಾಗೆ ಮೊಟ್ಟೆ ಕಾಣುತ್ತವೆ. ದಂಡೆಯ ಬಿಸಿಲಿನಲ್ಲಿ ಒಂದು ದಿನ ಒಣಗಿಸಿ, ಕೆರೆದು ಮತ್ತೆ ನೆಡಿ. ಮೊಟ್ಟೆ ಒಡೆಯುವ ಮೊದಲೇ ಎತ್ತಬೇಕು, ವಾರ ತಪ್ಪಿಸಬೇಡಿ. ತುಂಬ ಹೇನು ಹಿಡಿದ ಮೀನನ್ನು 100 ಲೀಟರಿಗೆ ಎರಡು-ಮೂರು ಕೆಜಿ ಕಲ್ಲುಪ್ಪು ಕರಗಿಸಿದ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ಬಿಡಿ, ಮೀನು ಮಗುಚಿದರೆ ತಕ್ಷಣ ತೆಗೆಯಿರಿ. ಎಲ್ಲ ಹಿಡಿದಾದ ಮೇಲೆ ಕೊಳ ಬತ್ತಿಸಿ, ತಳ ಬಿರುಕು ಬಿಡುವವರೆಗೆ ಒಣಗಿಸಿ ಸುಣ್ಣ ಹಾಕಿ. ಅದಕ್ಕಿಂತ ದೊಡ್ಡ ಔಷಧಿ ಇಲ್ಲ.

ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ ಕಲಸಿದ್ದು) ಡ್ರಮ್ಮನ್ನು ಕೊಳದ ಹತ್ತಿರ ತೊಳೆಯಬೇಡಿ. ಭದ್ರಾ ನಾಲೆಯ ನೀರು ಬಿಡುವಾಗಲೂ ಮೇಲಿನ ಕಾಲುವೆಯಿಂದಲೇ ತೆಗೆದುಕೊಳ್ಳಿ. ಗದ್ದೆಗಳಿಂದ ಬಸಿದು ಬರುವ ನೀರು ಪುಕ್ಕಟೆ ಸಿಗುತ್ತದೆ, ಅದರ ಜೊತೆ ನಾಲ್ಕು ಜನರ ಗದ್ದೆಗೆ ಹೊಡೆದ ಔಷಧಿಯೂ ಪುಕ್ಕಟೆ ಬರುತ್ತದೆ.

ನಿಮ್ಮ ಅಕ್ಕನ ಭಯಕ್ಕೆ ಬರುತ್ತೇನೆ. ಅದನ್ನು ನಗೆ ಮಾಡಬೇಡಿ. ಮೀನಿಗೆ ಹುಣ್ಣಾದಾಗ, ರೆಕ್ಕೆ ಕೊಳೆತಾಗ ಆ್ಯಂಟಿಬಯೋಟಿಕ್ ಕೊಡುವವರು ಇದ್ದಾರೆ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಇವೆರಡನ್ನು ಮೀನಿಗೆ ಕೊಡುವಂತೆಯೇ ಇಲ್ಲ. ಕ್ಲೋರಾಂಫೆನಿಕಾಲ್ ಅಪರೂಪಕ್ಕೆ ಕೆಲವರ ಅಸ್ಥಿಮಜ್ಜೆಯನ್ನೇ ಕೆಡಿಸುತ್ತದೆ. ಅದಕ್ಕೆ "ಇಷ್ಟಿದ್ದರೆ ಪರವಾಗಿಲ್ಲ" ಎಂಬ ಮಿತಿ ಹಾಕಲು ಆಗಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಮ್ಯಾಲಕೈಟ್ ಗ್ರೀನ್ ಎಂಬ ಹಸಿರು ಬಣ್ಣದ್ದೂ ಹಾಗೆಯೇ. ಬೂಸ್ಟುರೋಗಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಮೀನಿನ ಕೊಬ್ಬಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಕ್ಯಾನ್ಸರಿನ ಶಂಕೆ ಇದೆ. ತಿನ್ನುವ ಮೀನಿಗೆ ಮುಟ್ಟಿಸಬೇಡಿ. ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ಕಿನದು ಬೇರೆ ಲೆಕ್ಕ. ನಮ್ಮ ಆಹಾರ ಸುರಕ್ಷತೆಯ 2011ರ ನಿಯಮಗಳಲ್ಲಿ ಮೀನಿನ ಕೆಜಿಗೆ 0.1 ಮಿಲಿಗ್ರಾಂ ಮಿತಿ ಇಟ್ಟಿದ್ದಾರೆ. ಔಷಧಿ ನಿಲ್ಲಿಸಿದ ಮೇಲೆ ದಿನ ಕಳೆದಂತೆ ಅದು ಮೀನಿನ ಮೈಯಿಂದ ಇಳಿಯುತ್ತದೆ. ಅಮೆರಿಕದ ಲೇಬಲ್ಲಿನಲ್ಲಿ ಕೊನೆಯ ದಿನದಿಂದ 21 ದಿನ ಮೀನು ಹಿಡಿಯುವಂತಿಲ್ಲ ಎಂದಿದೆ. ನೀವು ಕೊಡಲೇಬೇಕಾಗಿ ಬಂದರೆ, ಅದೂ ಮೀನುಗಾರಿಕೆ ಇಲಾಖೆಯವರು ಬಂದು ರೋಗ ನೋಡಿ ಹೇಳಿದರೆ ಮಾತ್ರ, ಒಂದು ತಿಂಗಳು ಬಲೆ ಮುಟ್ಟಬೇಡಿ.

ಇದನ್ನೆಲ್ಲ ಹಿಡಿಯಲು ಕಾನೂನು ಇಲ್ಲವೇ ಎಂದರೆ, 2006ರ ಆಹಾರ ಸುರಕ್ಷತೆ ಕಾಯ್ದೆಯ 18ನೇ ಸೆಕ್ಷನ್ನಿನಲ್ಲಿ ರೈತರಿಗೆ, ಮೀನುಗಾರರಿಗೆ, ಮೀನು ಸಾಕಣೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದೇ ಬರೆದಿದೆ. ಬಡ ರೈತನ ಮೇಲೆ ಇನ್‌ಸ್ಪೆಕ್ಟರು ಬೀಳಬಾರದು ಎಂಬ ಉದ್ದೇಶ ಒಳ್ಳೆಯದೇ. ಪರಿಣಾಮ ಏನೆಂದರೆ ಮಿತಿ ಲೆಕ್ಕಕ್ಕೆ ಬರುವುದು ಮೀನು ಅಂಗಡಿಗೆ ಹೋದ ಮೇಲೆ, ತಪ್ಪು ಆಗಿರುವುದು ಅದಕ್ಕೆ ಒಂದು ತಿಂಗಳ ಹಿಂದೆ. ನಡುವಿನ ಆ ಜಾಗದಲ್ಲಿ ಇರುವವರು ನೀವೊಬ್ಬರೇ.

ಲ್ಯಾಬಿಗೆ ಕಳಿಸಬಹುದು. ಯಾವ ಔಷಧಿ ಹುಡುಕಬೇಕೆಂದು ಹೇಳದೆ ಕಳಿಸಿದರೆ ಬರೀ ಬಿಲ್ಲು ಬರುತ್ತದೆ. 20 ಗುಂಟೆಯವರಿಗೆ ಅದರ ಬದಲು ಒಂದು ನೋಟ್‌ಬುಕ್ ಸಾಕು. ಯಾವ ದಿನ ಏನು, ಎಷ್ಟು, ಯಾವ ಅಂಗಡಿಯದ್ದು ನೀರಿಗೆ ಹಾಕಿದಿರಿ ಎಂದು ಪೆನ್ನಿನಲ್ಲಿ ಬರೆಯಿರಿ.

ಇಷ್ಟೆಲ್ಲ ಮಾಡಿ ಹಿಡಿಯುವ ದಿನ ಕೆಡಿಸುವವರೇ ಹೆಚ್ಚು. ಹಿಂದಿನ ದಿನ ಮೇವು ಹಾಕಬೇಡಿ. ತುಂಬಿದ ಕರುಳು ಮೊದಲು ಕೊಳೆಯುತ್ತದೆ. ಬಲೆ ಬೆಳಕು ಹರಿಯುವಾಗ ಎಳೆಯಿರಿ. ಮೈಗೆ ಅಂಟಿದ ಕೊಳದ ಕೆಸರು ಹೋಗುವಂತೆ ಮೀನನ್ನು ಶುದ್ಧ ನೀರಿನಲ್ಲಿ ತೊಳೆದು, ಐಸು-ನೀರು ಕಲಸಿದ ಡ್ರಮ್ಮಿಗೆ ಹಾಕಿ. 30 ಡಿಗ್ರಿಯ ಒಂದು ಕೆಜಿ ಮೀನು ತಣ್ಣಗಾಗುವುದಕ್ಕೇ ಸುಮಾರು ಮುನ್ನೂರು ಗ್ರಾಂ ಐಸು ಕರಗಿಹೋಗುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಗಾಡಿಯ ಮೇಲೆ ಕರಗುವುದು ಅದರ ಮೇಲೆ. ಮೀನಿನಷ್ಟೇ ತೂಕದ ಐಸು ಅನ್ನುವುದು ಈ ಲೆಕ್ಕಕ್ಕೆ. ಪದರ ಪದರವಾಗಿ ಹಾಕಿ, ಕರಗಿದ ನೀರು ಕೆಳಗೆ ಹೋಗಲು ಪೆಟ್ಟಿಗೆಗೆ ತೂತಿರಲಿ. ಹೀಗೆ ಕಳಿಸಿದ ಮೀನಿಗೆ, ಹೆಣ ಕೆಡದಂತೆ ಇಡಲು ಬಳಸುವ ಫಾರ್ಮಾಲಿನ್ ಹಾಕುವ ಕಾರಣವೇ ಯಾರಿಗೂ ಇಲ್ಲ. 2018ರಲ್ಲಿ ಕೇರಳದಲ್ಲಿ ಫಾರ್ಮಾಲಿನ್ ಹಾಕಿದ್ದಾರೆಂದು ಅಧಿಕಾರಿಗಳು ಹಿಡಿದದ್ದು ದೂರದೂರಿನಿಂದ ದಿನಗಟ್ಟಲೆ ಪ್ರಯಾಣ ಮಾಡಿ ಬಂದ ಮೀನು. ಬೆಳಗಿನ ಜಾವ ಆಮ್ಲಜನಕ ಸಾಲದೆ ಸತ್ತು ತೇಲಿದ ಮೀನನ್ನು ಮಾತ್ರ ಐಸಿನೊಳಗೆ ಸೇರಿಸಬೇಡಿ, ಎಷ್ಟು ದೊಡ್ಡ ಕಾಟ್ಲಾ ಆಗಿದ್ದರೂ. ಎಷ್ಟು ಹೊತ್ತಿಗೆ ಸತ್ತಿತು ಎಂದು ನಿಮಗೇ ಗೊತ್ತಿರುವುದಿಲ್ಲ.

ಅಕ್ಕನಿಗೆ ಹೇಳಬೇಕಾದ್ದು ಎರಡೇ ಮಾತು. ಮೀನು ಸೀಳಿದ ಈಳಿಗೆಯಲ್ಲಿ, ಮಣೆಯಲ್ಲಿ ತೊಳೆಯದೆ ಸೌತೆಕಾಯಿ, ಈರುಳ್ಳಿ ಹೆಚ್ಚಬಾರದು. ಸಾಲ್ಮೊನೆಲ್ಲಾ ಬೆಂದ ಮೀನಿನಲ್ಲಿ ಸಾಯುತ್ತದೆ, ಹಸಿ ಕೋಸಂಬರಿಯಲ್ಲಿ ಬದುಕುತ್ತದೆ. ಇನ್ನೊಂದು, ಕೆರೆ ಮೀನು ಬಿಟ್ಟು ಬಂಗುಡೆಗೆ ಹೋದರೆ ಭಯ ತೀರಿತು ಅಂದುಕೊಳ್ಳುವುದು ಬೇಡ. ಐಸು ಸಾಲದೆ ಘಟ್ಟ ಹತ್ತಿ ಬಂದ ಬಂಗುಡೆಯಲ್ಲಿ ಹಿಸ್ಟಮಿನ್ ಎಂಬ ವಸ್ತು ಕಟ್ಟಿಕೊಳ್ಳುತ್ತದೆ, ಎಷ್ಟು ಕುದಿಸಿದರೂ ಹೋಗುವುದಿಲ್ಲ, ತಿಂದವರಿಗೆ ಮುಖವೆಲ್ಲ ಕೆಂಪಾಗಿ ತುರಿಕೆ ಬರುತ್ತದೆ. ನಮ್ಮ ಕಾಟ್ಲಾ, ರೋಹುಗಳಲ್ಲಿ ಆ ತೊಂದರೆ ಕಾಣುವುದು ಕಡಿಮೆ.

ಈಗ ಗೊಬ್ಬರ ನಿಲ್ಲಿಸಿ, ಮೇವು ಇಳಿಸಿ, ಬಿದಿರು ನೆಡಿ. ಮೂರು ವಾರದ ಮೇಲೆ ಹತ್ತು ಮೀನು ತೊಟ್ಟಿಗೆ ಹಾಕಿ ಐದು ದಿನ ಇಡಿ. ಆರನೇ ದಿನ ವ್ಯಾಪಾರಿಯನ್ನು ತೋಟಕ್ಕೇ ಕರೆಯಿರಿ. ಕೊಳದಿಂದ ಹಿಡಿದ ಬಾಲದ ತುಂಡು ಒಂದು, ತೊಟ್ಟಿಯದು ಒಂದು, ಎರಡನ್ನೂ ಉಪ್ಪಿಲ್ಲದೆ ಬೇಯಿಸಿ ಯಾವುದು ಯಾವುದೆಂದು ಹೇಳದೆ ಅವರ ಮುಂದೆ ಇಡಿ. ಅವರು ತಿಂದು ಮುಗಿಸುವವರೆಗೆ ರೇಟಿನ ಮಾತು ಎತ್ತಬೇಡಿ.